ಮಾರ್ಫಿನ್ ಕೊಟ್ಟರೆ ಅಪ್ಪನ ಆಯಸ್ಸು ಕಡಿಮೆಯಾಗುತ್ತದೆಯೇ?

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ. ಹೊಟ್ಟೆಯ ಕ್ಯಾನ್ಸರ್ ಲಿವರ್‌ಗೂ ಹಬ್ಬಿದೆ. ಬೆಂಗಳೂರಿನ ಡಾಕ್ಟರು ಮಾರ್ಫಿನ್ ಮಾತ್ರೆ ಬರೆದು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದರು. ಅದನ್ನು ಕೊಟ್ಟರೆ ಬೇಗ ಹೋಗಿಬಿಡುತ್ತಾರೆ ಅಂತ ನೆಂಟರು ಹೆದರಿಸುತ್ತಾರೆ. ಹಾಗಾಗಿ ನೋವು ತಡೆಯಲಾಗದಾಗ ಮಾತ್ರ ಕೊಡುತ್ತಿದ್ದೇವೆ. ಊಟ ಬಿಟ್ಟಿದ್ದಾರೆ, ಡ್ರಿಪ್ ಹಾಕಿಸಬೇಕೆ?
– ಓದುಗರು, ಶ್ರೀನಿವಾಸಪುರ ತಾಲ್ಲೂಕು

ಉತ್ತರ: ಡಾಕ್ಟರು ಬರೆದ ಪ್ರಮಾಣದಲ್ಲೇ ಕೊಟ್ಟರೆ ಮಾರ್ಫಿನ್‌ನಿಂದ ಆಯಸ್ಸು ಕಡಿಮೆಯಾಗುವುದಿಲ್ಲ. ತಡಮಾಡಿ ಕೊಡುವುದರಿಂದಲೇ ಅವರು ನರಳುತ್ತಿರುವುದು. ಸಾಮಾನ್ಯ ಮಾರ್ಫಿನ್ ಮಾತ್ರೆ (ನಿಧಾನವಾಗಿ ಬಿಡುಗಡೆಯಾಗುವ ಬಗೆಯದಲ್ಲ) ಕೆಲಸ ಮಾಡುವುದು ಸುಮಾರು 4 ಗಂಟೆ. ನೋವು ಏರಿಬಿಟ್ಟರೆ ಇಳಿಸುವುದು ಕಷ್ಟ. ಆದ್ದರಿಂದ ಗಡಿಯಾರ ನೋಡಿ ಕೊಡಿ: ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ನಡುರಾತ್ರಿ ಎಬ್ಬಿಸದಿರಲೆಂದು 10 ಗಂಟೆಯ ಡೋಸನ್ನು ಎರಡರಷ್ಟು ಬರೆಯುವುದುಂಟು. ಚೀಟಿಯಲ್ಲಿ ಹಾಗಿದ್ದರೆ ಮಾತ್ರ ಕೊಡಿ.

ವಾಕರಿಕೆ, ಮಂಪರು ಕೆಲವೇ ದಿನಗಳಲ್ಲಿ ಇಳಿಯುತ್ತವೆ. ಮಲಬದ್ಧತೆ ಇಳಿಯುವುದಿಲ್ಲ. ಹೊಟ್ಟೆ ಕಟ್ಟಿತೆಂದು ಮಾರ್ಫಿನ್ನನ್ನೇ ನಿಲ್ಲಿಸುವವರಿದ್ದಾರೆ, ಇದು ನಿಜಕ್ಕೂ ಸಂಕಟದ ವಿಷಯ. ಮೊದಲ ದಿನದಿಂದಲೇ ಮಲ ಸಲೀಸಾಗಿ ಹೋಗುವಂತೆ ಮಾಡುವ ಮಾತ್ರೆ ಜೊತೆಗಿರಬೇಕು. ಬರೆದಿಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಎಬ್ಬಿಸಿದರೂ ಏಳದಿದ್ದರೆ, ಇಲ್ಲವೇ ಉಸಿರು ನಿಮಿಷಕ್ಕೆ 8ಕ್ಕಿಂತ ಕಡಿಮೆಯಾದರೆ ಮುಂದಿನ ಮಾತ್ರೆ ಕೊಡದೆ ತಕ್ಷಣ ಡಾಕ್ಟರಿಗೆ ಫೋನ್ ಮಾಡಿ.

ಉಪವಾಸ ಕೆಡವಿ ಕಳಿಸಿದೆವು ಎಂಬ ಕೊರಗು ನಿಮಗೆ ಬೇಡ. ರೋಗ ಬಲಿತದ್ದಕ್ಕೇ ಊಟ ಸೇರುತ್ತಿಲ್ಲ. ಈ ಹಂತದಲ್ಲಿ ಡ್ರಿಪ್‌ನ ನೀರನ್ನು ದೇಹ ಸರಿಯಾಗಿ ಹೊರಹಾಕದು: ಕಾಲು ಊದುತ್ತದೆ, ಗಂಟಲಲ್ಲಿ ಕಫ ಗೊರಗುಟ್ಟುತ್ತದೆ. ಕೇಳಿದರೆ ಒರಗಿಸಿ ಕೂರಿಸಿ ಎರಡು ಚಮಚ ರಾಗಿ ಗಂಜಿ ಕೊಡಿ, ಸಾಕು. ಮಂಪರಿನಲ್ಲಿದ್ದಾಗ ಬಾಯಿಗೆ ಏನೂ ಹಾಕಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಅವರನ್ನು ಹೆಚ್ಚು ಕಾಡುವುದು ಒಣಗಿದ ಬಾಯಿ. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಅಡುಗೆ ಸೋಡ, ಒಂದು ಟೀ ಚಮಚ ಉಪ್ಪು ಬೆರೆಸಿ. ಮೆತ್ತನೆ ಬಟ್ಟೆಯನ್ನು ಅದರಲ್ಲಿ ಅದ್ದಿ, ಹಿಂಡಿ, ಎರಡು ಗಂಟೆಗೊಮ್ಮೆ ನಾಲಿಗೆ, ಒಸಡು, ಕೆನ್ನೆಯ ಒಳಬದಿ ಒರೆಸಿ. ತುಟಿಗೆ ವ್ಯಾಸಲೀನ್ ಹಚ್ಚಿ. ಅದೇ ಹೊತ್ತಿಗೆ ಮಗ್ಗುಲೂ ಬದಲಿಸಿದರೆ ಬೆನ್ನು ಹುಣ್ಣಾಗುವುದು ತಪ್ಪುತ್ತದೆ.

ಮನೆಯಲ್ಲಿ ನಿಭಾಯಿಸಲಾಗದಿದ್ದರೆ ಬೆಂಗಳೂರಿನ ಕುಂದಲಹಳ್ಳಿ ಗೇಟ್ ಬಳಿಯ ‘ಕರುಣಾಶ್ರಯ’ದಲ್ಲಿ ಇಂಥ ಕ್ಯಾನ್ಸರ್ ರೋಗಿಗಳಿಗೆ ಉಚಿತ ಆರೈಕೆ ಇದೆ. ಆಸ್ಪತ್ರೆಯ ದಾಖಲೆಗಳನ್ನೆಲ್ಲ ಒಂದೇ ಫೈಲಿನಲ್ಲಿಟ್ಟು, ಮೊದಲು ಫೋನಿನಲ್ಲಿ ವಿಚಾರಿಸಿಕೊಂಡು ಹೊರಡಿ. ದಾರಿಯಲ್ಲಿ ಬೇಕಾಗುವ ಮಾತ್ರೆ ಕೈಯಲ್ಲಿರಲಿ.