ವಿಂಡೋಸ್‌ನಲ್ಲಿ ಹಿಂದೆ ಕಾಪಿ ಮಾಡಿದ್ದನ್ನು ಮತ್ತೆ ಪೇಸ್ಟ್ ಮಾಡುವುದು ಹೇಗೆ?

ಹೊಸದೊಂದನ್ನು ಕಾಪಿ ಮಾಡಿದೊಡನೆ ಹಿಂದಿನದು ಕೈತಪ್ಪುತ್ತದೆ, ಅದನ್ನು ಉಳಿಸಿಕೊಳ್ಳಲು ಬೇರೆ ತಂತ್ರಾಂಶ ಬೇಕೇ ಎಂದು ಕೇಳಿದ್ದೀರಿ. ಬೇಕಿಲ್ಲ. ವಿಂಡೋಸ್ 10ರ 2018ರ ಅಕ್ಟೋಬರ್ ಆವೃತ್ತಿಯಿಂದೀಚೆಗೆ ಈ ಸೌಲಭ್ಯ ಅದರಲ್ಲೇ ಅಡಕವಾಗಿದೆ. ವಿಂಡೋಸ್ ಕೀಲಿಯನ್ನು ಒತ್ತಿಹಿಡಿದು ‘ವಿ’ ಒತ್ತಿದರೆ ಪುಟ್ಟ ಚೌಕವೊಂದು ತೆರೆಯುತ್ತದೆ. ಮೊದಲ ಸಲ ಅದರಲ್ಲಿ ‘ಟರ್ನ್ ಆನ್’ ಕ್ಲಿಕ್ ಮಾಡಬೇಕು. ಅಲ್ಲಿಂದ ಮುಂದೆ ನೀವು ಕಾಪಿ ಮಾಡುವ ಪಠ್ಯ, ಚಿತ್ರಗಳ ಪೈಕಿ ಇತ್ತೀಚಿನ 25ರವರೆಗೆ ಅಲ್ಲಿ ಸಾಲಾಗಿ ಉಳಿಯುತ್ತವೆ, ಬೇಕಾದುದರ ಮೇಲೆ ಕ್ಲಿಕ್ ಮಾಡಿದರೆ ಅದು ಕರ್ಸರ್ ಇರುವಲ್ಲಿಗೆ ಬಂದು ಕೂರುತ್ತದೆ. ಕಂಪ್ಯೂಟರ್ ರೀಸ್ಟಾರ್ಟ್ ಆದಾಗ ಪಟ್ಟಿ ಖಾಲಿಯಾಗುವುದರಿಂದ, ಪದೇ ಪದೇ ಬೇಕಾಗುವ ವಿಳಾಸದಂಥವನ್ನು ಪಿನ್ ಮಾಡಿಡಿ. ಕಾಪಿ ಮಾಡಿದ ಪಾಸ್‌ವರ್ಡ್ ಕೂಡ ಅಲ್ಲಿ ಕಾಣಿಸಬಹುದಾದ್ದರಿಂದ, ಹಲವರು ಬಳಸುವ ಖಾತೆಯಲ್ಲಿ ಇದನ್ನು ಆನ್ ಮಾಡದಿರುವುದೇ ಲೇಸು.