ನಿನ್ನ ಚಂದ್ರ ಯಾವಾಗ ಹುಟ್ಟುತ್ತಾನೆ?

ತಂಗಿ, ಇಂಗ್ಲೆಂಡಿನ ಈ ಲೆಸ್ಟರ್‌ಗೆ ಬಂದು ಮೂರು ತಿಂಗಳಾಯಿತು ಅಂತ ಬರೆದಿದ್ದೀಯ. ದೀಪ ಹಚ್ಚಿದರೂ ಹಚ್ಚಿದ ಹಾಗೆ ಅನ್ನಿಸುವುದಿಲ್ಲ, ಮಗಳು ಶಾಲೆಯಲ್ಲಿ ಕ್ರೈಸ್ತರ ಪ್ರಾರ್ಥನೆ ಕಲಿತು ಬರುತ್ತಿದ್ದಾಳೆ, ಜನ ನಗುತ್ತಾರೆ ಆದರೆ ಹತ್ತಿರ ಬರುವುದಿಲ್ಲ. ಕೊನೆಗೆ, "ನಮ್ಮ ಕಡೆ ಇದ್ದ ಕರುಣೆ ಇಲ್ಲಿಲ್ಲ ಅಕ್ಕ, ನೀವು ಇಷ್ಟು ವರ್ಷ ಹೇಗೆ ಕಳೆದಿರಿ?" ಅಂತ ಕೇಳಿದ್ದೀಯ. ವಯಸ್ಸಿನಲ್ಲಿ ಚಿಕ್ಕವಳು, ನೀನು ಅಂತಲೇ ಬರೆಯುತ್ತೇನೆ, ಬೇಜಾರಿಲ್ಲ ತಾನೆ?

ದೇವರ ವಿಷಯ ಮೊದಲು. ನಾನು ಬಂದದ್ದು 2004ರಲ್ಲಿ. ಹೊರಡುವಾಗ ಅಮ್ಮ ಹೇಳಿದ್ದು ಒಂದೇ ಮಾತು, "ಸಂಕಷ್ಟಿ ಬಿಡಬೇಡ." ನಾನು ಬಿಡಲಿಲ್ಲ. ಆದರೆ ಮೊದಲ ಎರಡು ವರ್ಷ ಬೆಂಗಳೂರಿನ ಪಂಚಾಂಗ ನೋಡಿಕೊಂಡೇ ಆಚರಿಸಿದೆ. ಅಲ್ಲಿ ಚಂದ್ರ ರಾತ್ರಿ ಒಂಬತ್ತೂವರೆಗೆ ಹುಟ್ಟಿದರೆ ಇಲ್ಲಿ ಬೇಸಿಗೆಯ ಸಂಜೆ ಐದು ಗಂಟೆ. ಕಿಟಕಿಯಲ್ಲಿ ಬಿಸಿಲು ಕಣ್ಣಿಗೆ ಹೊಡೆಯುತ್ತಿರುವಾಗ ನಾನು ಕಾಣದ ಚಂದ್ರನಿಗೆ ಅರ್ಘ್ಯ ಬಿಟ್ಟು ಊಟಕ್ಕೆ ಕೂರುತ್ತಿದ್ದೆ. ಅದು ನನಗೇ ಕಳ್ಳಾಟ ಅನ್ನಿಸತೊಡಗಿದ ಮೇಲೆ ಈ ಊರಿನ ಚಂದ್ರೋದಯ ಹುಡುಕಿದೆ. ಜೂನ್ ತಿಂಗಳ ಸಂಕಷ್ಟಿಗೆ ಅದು ಮಧ್ಯರಾತ್ರಿ ಹತ್ತಿರ! ಸೆಪ್ಟೆಂಬರಿನಲ್ಲಿ ಮಾತ್ರ ಪುಣ್ಯಾತ್ಮ ಎಂಟರ ಸುಮಾರಿಗೇ ಬಂದುಬಿಡುತ್ತಾನೆ.

2016ರ ಜೂನ್ ನೆನಪಿದೆ. ಐರೋಪ್ಯ ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಅಂತ ಮತದಾನ ನಡೆದ ವಾರ, ಆಫೀಸಿನಲ್ಲಿ ಎಲ್ಲರೂ ಅದೇ ಮಾತು. (ಭಾರತದ ಪಾಸ್‌ಪೋರ್ಟ್ ಇದ್ದರೂ ಕಾಮನ್‌ವೆಲ್ತ್ ಪ್ರಜೆ ಅಂತ ಇಲ್ಲಿ ನಮಗೆ ಓಟಿದೆ. ಹೆಸರು ಸೇರಿಸಿದೆಯಾ? ಇಲ್ಲದಿದ್ದರೆ ಈ ವಾರವೇ ಸೇರಿಸು.) ನನಗೆ ಸಂಕಷ್ಟಿ. ಪಕ್ಕದ ಮೇಜಿನವಳಿಗೆ ರಂಜಾನ್. ಅವಳು ಗುಜರಾತಿ ಮುಸ್ಲಿಂ ಮನೆಯವಳು, ಹುಟ್ಟಿದ್ದು ಇಲ್ಲೇ. ಬೆಳಗಿನ ಜಾವ ಮೂರಕ್ಕೆ ಮುಂಚೆ ಶುರುವಾದ ಅವಳ ಉಪವಾಸ ಮುಗಿಯುವುದು ಸೂರ್ಯ ಮುಳುಗುವ ರಾತ್ರಿ ಒಂಬತ್ತೂವರೆಗೆ. ಇಬ್ಬರೂ ಬಾಯಿ ಒಣಗಿಸಿಕೊಂಡು ಲೆಕ್ಕ ಬರೆಯುತ್ತಿದ್ದೆವು. ನಾನು ಮಧ್ಯೆ ಮಧ್ಯೆ ನೀರಾದರೂ ಕುಡಿಯುತ್ತಿದ್ದೆ, ಅವಳಿಗೆ ಅದೂ ಇಲ್ಲ. ರಾತ್ರಿ ಒಂಬತ್ತೂಮುಕ್ಕಾಲಿಗೆ ಅವಳ ಸಂದೇಶ ಬಂತು: "ನಂದು ಮುಗೀತು. ನಿನ್ನ ಚಂದ್ರ ಯಾವಾಗ ಹುಟ್ಟುತ್ತಾನೆ?" ಹನ್ನೆರಡರವರೆಗೆ ಕಾದೆ. ಮೋಡ. ಹುಟ್ಟಿರಬಹುದು ಅಂದುಕೊಂಡು ದಿಕ್ಕು ನೋಡಿ ಕೈಮುಗಿದು ಉಂಡು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಫೋನಿನಲ್ಲಿ ಒಂದು ಚಿತ್ರ, ಕಳಿಸಿದ ಹೊತ್ತು ಎರಡೂಕಾಲು. ಮರುದಿನದ ಉಪವಾಸಕ್ಕೆ ಮುಂಚೆ ಉಣ್ಣಲು ಎದ್ದವಳು, ಮೋಡ ಸರಿದದ್ದು ಕಂಡು ಅಡುಗೆಮನೆ ಕಿಟಕಿಯಿಂದ ಫೋಟೋ ತೆಗೆದಿದ್ದಳು. ಕಿಟಕಿಯ ಗಾಜಿನಲ್ಲಿ ಅವಳ ಫೋನಿನ ಬೆಳಕು, ಅದರ ಪಕ್ಕದಲ್ಲಿ ಒಂದು ಕಡೆ ಸವೆದ ಚಂದ್ರ.

ಇದನ್ನು ಹೇಳಿದೆ ಅಂತ ಈ ಊರನ್ನು ರಾಮರಾಜ್ಯ ಮಾಡಿಕೊಳ್ಳಬೇಡ. 1972ರಲ್ಲಿ ಸರ್ವಾಧಿಕಾರಿ ಇದಿ ಅಮೀನ್ ಉಗಾಂಡಾದಿಂದ ಏಷ್ಯನ್ನರನ್ನು ಹೊರಗೆ ಹಾಕಿದಾಗ, ದಯವಿಟ್ಟು ಲೆಸ್ಟರ್‌ಗೆ ಬರಬೇಡಿ ಅಂತ ಇಲ್ಲಿನ ನಗರಸಭೆ ಅಲ್ಲಿನ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತ್ತು. ಬ್ರಿಟನ್ನಿಗೆ ಬಂದದ್ದು 27,000ಕ್ಕೂ ಹೆಚ್ಚು ಜನ, ಅವರಲ್ಲಿ ಸಾವಿರಾರು ಮಂದಿ ಜಾಹೀರಾತನ್ನು ಲೆಕ್ಕಿಸದೆ ಇಲ್ಲಿಗೇ ಬಂದರು. ಈಗ ಬೆಲ್‌ಗ್ರೇವ್ ರಸ್ತೆಯಲ್ಲಿ ದೀಪಾವಳಿಗೆ ದೀಪ ಬೆಳಗುತ್ತವಲ್ಲ, ಅದು ಬರಬೇಡಿ ಅನ್ನಿಸಿಕೊಂಡವರು ಕಟ್ಟಿದ ಬೀದಿ. ಅದೇ ಊರಲ್ಲಿ 2022ರ ಸೆಪ್ಟೆಂಬರಿನಲ್ಲಿ, ಭಾರತ-ಪಾಕಿಸ್ತಾನ ಕ್ರಿಕೆಟ್ ಪಂದ್ಯದ ನಂತರ ಹೊತ್ತಿಕೊಂಡದ್ದು, ಹಿಂದೂ ಹುಡುಗರು ಮುಸ್ಲಿಂ ಹುಡುಗರು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬೀದಿಗೆ ಇಳಿಯುವವರೆಗೆ ಹೋಯಿತು. ಹುಡುಗಿಯೊಬ್ಬಳ ಅಪಹರಣಕ್ಕೆ ಯತ್ನವಾಯಿತು ಅಂತ ಸುದ್ದಿ ಹಬ್ಬಿತು. ಅಂಥದ್ದು ನಡೆದೇ ಇಲ್ಲ ಅಂತ ಪೊಲೀಸರು ಹೇಳುವ ಹೊತ್ತಿಗೆ ಅದು ಎಷ್ಟು ಮನೆ ಹೊಕ್ಕಿತ್ತೋ. ನನ್ನ ಫೋನಿಗೂ ಒಂದಷ್ಟು ಬಂದವು. ಒಂದನ್ನು ಮುಂದಕ್ಕೆ ಕಳಿಸಲು ಬೆರಳು ಇಟ್ಟಿದ್ದೆ, ಸುಳ್ಳು ಹೇಳುವುದಿಲ್ಲ. ಅಷ್ಟರಲ್ಲಿ ಆ ಪಕ್ಕದ ಮೇಜಿನವಳ ಫೋನ್ ಬಂತು. ಅವಳ ಕಡೆಯಿಂದ ಅವಳಿಗೆ ಬಂದದ್ದನ್ನು ಓದಿ ಹೇಳಿದಳು, ನನ್ನ ಕಡೆಯಿಂದ ನನಗೆ ಬಂದದ್ದನ್ನು ನಾನು ಓದಿ ಹೇಳಿದೆ. ಊರಿನ ಹೆಸರು ತೆಗೆದು ಧರ್ಮದ ಹೆಸರು ಅದಲುಬದಲು ಮಾಡಿದರೆ ಎರಡೂ ಒಂದೇ ಕಾಗದ. ನಿನ್ನನ್ನೂ ಇಷ್ಟರಲ್ಲೇ ನಾಲ್ಕಾರು ವಾಟ್ಸಾಪ್ ಗುಂಪುಗಳಿಗೆ ಸೇರಿಸಿರುತ್ತಾರೆ. ಹುಷಾರು.

ಮಗಳ ಪ್ರಾರ್ಥನೆಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಡ. ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ದಿನವೂ ಸಾಮೂಹಿಕ ಪ್ರಾರ್ಥನೆ ಇರಬೇಕೆಂದು ಕಾನೂನೇ ಇದೆ. ಬೇಡವೆಂದು ತಂದೆತಾಯಿ ಬರೆದುಕೊಟ್ಟರೆ ಮಗುವನ್ನು ಅದರಿಂದ ಹೊರಗಿಡುತ್ತಾರೆ. ನಾನು ಚೀಟಿ ಬರೆದೆ, ಕೊಡಲಿಲ್ಲ. ನನ್ನ ಮಗ ಎರಡು ವರ್ಷ ರಾತ್ರಿ ಮಲಗುವಾಗ "ಆಮೆನ್, ಗಣೇಶ" ಅನ್ನುತ್ತಿದ್ದ. ಇಬ್ಬರಲ್ಲಿ ಯಾರೂ ದೂರು ಕೊಟ್ಟಿಲ್ಲ.

ಇನ್ನು ನಿನ್ನ ಕರುಣೆಯ ಮಾತು. ಅದು ನನ್ನನ್ನು ಎರಡು ದಿನ ಕಾಡಿತು. ಮೊದಲ ಚಳಿಗಾಲದಲ್ಲಿ ನಾನೂ ಹೀಗೇ ಅಂದುಕೊಂಡಿದ್ದೆ, ಡಿಸೆಂಬರಿನಲ್ಲಿ ನಾಲ್ಕಕ್ಕೇ ಕತ್ತಲಾಗುವ ಊರಲ್ಲಿ ಹಾಗೆ ಅನ್ನಿಸದಿದ್ದರೇ ಆಶ್ಚರ್ಯ. ಅಪ್ಪ ತೀರಿಕೊಂಡು ನಾನು ಊರಿಗೆ ಹೋಗಿ ಬಂದಾಗ ಪಕ್ಕದ ಮನೆಯ ಮುದುಕರು ನಮ್ಮ ಕಸದ ಡಬ್ಬಿಗಳನ್ನು ಎರಡು ವಾರ ಹೊರಗಿಟ್ಟು ಒಳಗಿಟ್ಟಿದ್ದರು, ಬಾಗಿಲ ಸಂದಿಯಲ್ಲಿ ಒಂದು ಕಾರ್ಡ್ ತೂರಿಸಿದ್ದರು. ಬಾಗಿಲು ಮಾತ್ರ ತಟ್ಟಲಿಲ್ಲ. ದುಃಖದಲ್ಲಿರುವವರನ್ನು ಅವರ ಪಾಡಿಗೆ ಬಿಡುವುದೇ ಮರ್ಯಾದೆ ಅಂತ ಅವರ ಲೆಕ್ಕ. ತಟ್ಟಬೇಕಿತ್ತು ಅಂತ ಈಗಲೂ ಅನ್ನಿಸುತ್ತದೆ.

ಆದರೆ ನಮ್ಮ ಕಡೆ ಕರುಣೆ ಇತ್ತು ಅನ್ನುವಾಗ ನನಗೆ ಒಂದು ಲೋಟ ಕಣ್ಣಿಗೆ ಬರುತ್ತದೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಬಚ್ಚಲ ಹಿಂದಿನ ಗೋಡೆಯಲ್ಲಿ ಒಂದು ಗೂಡಿತ್ತು. ಅದರಲ್ಲಿ ಅಂಚು ನಗ್ಗಿದ ಅಲ್ಯೂಮಿನಿಯಂ ಲೋಟ, ಬೋರಲು ಹಾಕಿದ್ದು. ಕೊಟ್ಟಿಗೆ ಗುಡಿಸಲು ಬರುತ್ತಿದ್ದ ಹೆಂಗಸು ಕೆಲಸ ಮುಗಿಸಿ ತಾನೇ ಅದನ್ನು ತೆಗೆದುಕೊಂಡು ನೆಲದ ಮೇಲೆ ಇಟ್ಟು ಎರಡು ಹೆಜ್ಜೆ ಹಿಂದೆ ನಿಲ್ಲುತ್ತಿದ್ದಳು. ಅಮ್ಮ ಎತ್ತರದಿಂದ ಕಾಫಿ ಹೊಯ್ಯುತ್ತಿದ್ದಳು, ಒಂದು ಹನಿ ಚೆಲ್ಲದಂತೆ. ಅಮ್ಮ ಕೆಟ್ಟವಳಲ್ಲ. ಅದೇ ಹೆಂಗಸಿನ ಮಗಳ ಬಾಣಂತನಕ್ಕೆ ತುಪ್ಪ, ಹಳೆ ಸೀರೆ, ದುಡ್ಡು ಎಲ್ಲ ಕೊಟ್ಟವಳು. ಕೊಟ್ಟದ್ದು ಹಿತ್ತಲ ಬಾಗಿಲಲ್ಲೇ. ಏಳೆಂಟು ವರ್ಷದ ನಾನು ಒಮ್ಮೆ ಆ ಲೋಟದಲ್ಲಿ ನೀರು ಕುಡಿದೆ ಅಂತ ತಲೆಗೆ ಸ್ನಾನ ಮಾಡಿಸಿದ್ದರು. ನೀರು ಬಿಸಿಯಾಗಿತ್ತು, ಹಿತವಾಗಿತ್ತು, ಅಷ್ಟೇ ಆಗ ಗೊತ್ತಾದದ್ದು. ಆ ಹೆಂಗಸು ಕಲ್ಲಿನ ಮೇಲೆ ಕೂತು ನೋಡುತ್ತಿದ್ದಳು ಅನ್ನುವುದು ನೆನಪಾದದ್ದು ಇಲ್ಲಿಗೆ ಬಂದ ಮೇಲೆ.

ಯಾವಾಗ ಗೊತ್ತಾ? ಮೊದಲ ಸಲ ರಕ್ತ ಕೊಟ್ಟ ದಿನ. ಇಲ್ಲಿ ಅದಕ್ಕೆ ದುಡ್ಡಿಲ್ಲ, ಯಾರಿಗೆ ಹೋಗುತ್ತದೆ ಅಂತ ಹೇಳುವುದೂ ಇಲ್ಲ. ಬೆರಳು ಚುಚ್ಚಿ ನೋಡಿ, 470 ಮಿಲಿಲೀಟರ್ ತೆಗೆದುಕೊಂಡು, ಒಂದು ಮೇಜಿನ ಹತ್ತಿರ ಕೂರಿಸಿ ಶರಬತ್ತು, ಬಿಸ್ಕತ್ತು ಕೊಡುತ್ತಾರೆ. ನನ್ನ ಎದುರಿಗೆ ಒಬ್ಬ ಲಾರಿ ಡ್ರೈವರ್, ಪಕ್ಕದಲ್ಲಿ ಹಿಜಾಬ್ ತೊಟ್ಟ ಕಾಲೇಜು ಹುಡುಗಿ. ಎಲ್ಲರ ಕೈಯಲ್ಲೂ ಒಂದೇ ಥರದ ಲೋಟ. ಕೆಲವು ದಿನಗಳ ಮೇಲೆ, ಬೇಳೆ ಬೇಯಲು ಇಟ್ಟಿದ್ದಾಗ ಫೋನಿಗೆ ಒಂದು ಸಂದೇಶ ಬಂತು: ನೀವು ಕೊಟ್ಟ ರಕ್ತವನ್ನು ಇಂಥ ಆಸ್ಪತ್ರೆಗೆ ಕಳಿಸಿದ್ದೇವೆ. ಅಷ್ಟೇ. ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಯಾರಿಗೆ ಕೊಟ್ಟರಂತೆ?" ಅಂದಳು. ಗೊತ್ತಿಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಆ ಲೋಟ ಈಗಿಲ್ಲ ಕಣೆ" ಅಂದಳು. ನಾನು ಕೇಳಿರಲಿಲ್ಲ.

ಹೆಂಗಸರು 16 ವಾರಕ್ಕೊಮ್ಮೆ ಕೊಡಬಹುದು. ಮಲೇರಿಯಾ ಇರುವ ಕಡೆಯಿಂದ ಬಂದವರು ನಾಲ್ಕು ತಿಂಗಳು ಕಾಯಬೇಕು, ಆಮೇಲೆ ಮೊದಲು ಪರೀಕ್ಷೆಗೆ ಮಾದರಿ ತೆಗೆದುಕೊಳ್ಳುತ್ತಾರೆ. ಊರಿಗೆ ಹೋಗಿ ಬಂದಾಗಲೆಲ್ಲ ನನಗೂ ಇದೇ ಪಾಡು. ನಿನಗಿನ್ನು ಒಂದು ತಿಂಗಳು ಉಳಿದಿದೆ. ನನ್ನ ಸರದಿಯೂ ಸುಮಾರು ಆಗಲೇ ಬರುತ್ತದೆ. ಒಟ್ಟಿಗೆ ಹೋಗೋಣ, ಮಗಳನ್ನೂ ಕರೆದುಕೊಂಡು ಬಾ, ಬಿಸ್ಕತ್ತು ಸಿಗುತ್ತದೆ. ಅದಕ್ಕೆ ಮುಂಚೆ ಈ ಭಾನುವಾರ ನಮ್ಮನೆಗೆ ಬನ್ನಿ. ಫೋನ್ ಮಾಡುವುದೇನೂ ಬೇಡ, ಬಂದು ಬಾಗಿಲು ತಟ್ಟಿ.