ಕದಲದ ನಟ್, ಮುರಿದ ಸ್ಟಡ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಕಾರ್ಬ್ಯುರೇಟರ್ ಕಾಲದ ಮಾರುತಿ 800. ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ ಹೊಗೆ ಹೊರಗೊಯ್ಯುವ ಕೊಳವೆಗಳ ಜೋಡಣೆ) ಗ್ಯಾಸ್ಕೆಟ್ ಬದಲಿಸಲು ಹೋದಾಗ ಒಂದು 8 ಎಂಎಂ ಸ್ಟಡ್ (ಎರಡೂ ತುದಿಗೆ ಥ್ರೆಡ್ ಇರುವ, ತಲೆಯಿಲ್ಲದ ಬೋಲ್ಟ್) ಮುರಿಯಿತು. ಇನ್ನೆರಡು ನಟ್ ಕದಲುತ್ತಲೇ ಇಲ್ಲ. ಎಂಜಿನ್‌ನ ಹೆಡ್ (ಸಿಲಿಂಡರ್‌ಗಳ ಮೇಲಿನ ಭಾಗ) ಇಳಿಸದೆ ಕೆಲಸ ಮುಗಿಸಬಹುದೇ?
– ಓದುಗರು, ರಾಜಾಜಿನಗರ

ಉತ್ತರ: ಮುಗಿಸಬಹುದು. ಆದರೆ ಮೊದಲು ಆ ಎರಡು ನಟ್‌ಗಳ ಕಡೆ ನೋಡಿ. ಥ್ರೆಡ್ ಮೇಲಿನ ತುಕ್ಕನ್ನು ವೈರ್ ಬ್ರಷ್‌ನಿಂದ ಉಜ್ಜಿ, ತುಕ್ಕು ಬಿಡಿಸುವ ಆಯಿಲ್ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಇನ್ನೊಮ್ಮೆ ಹಾಕಿ, ನಟ್‌ನ ಪಕ್ಕಕ್ಕೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಆ ಅದುರುವಿಕೆಗೆ ಆಯಿಲ್ ಒಳಗಿಳಿಯುತ್ತದೆ. ಆರು ಮೂಲೆಯ ಸಾಕೆಟ್ ಬಳಸಿ. ಹನ್ನೆರಡು ಮೂಲೆಯದು ತುಕ್ಕು ತಿಂದ ನಟ್‌ನ ಮೂಲೆಗಳನ್ನು ಸವೆಸಿಬಿಡುತ್ತದೆ. ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ಸ್ಪ್ಯಾನರ್ ತಿರುಗಿದಂತೆ ಕಂಡು, ಕೈ ಸಡಿಲಿಸಿದ ಕೂಡಲೇ ವಾಪಸ್ ಬಂದರೆ ತಿರುಚಿಕೊಳ್ಳುತ್ತಿರುವುದು ಸ್ಟಡ್. ಅಲ್ಲಿಗೇ ನಿಲ್ಲಿಸಿ, ಮತ್ತೆ ಆಯಿಲ್ ಹಾಕಿ. ಇಂಥ ಹೊತ್ತಿನಲ್ಲಿ ಸ್ಪ್ಯಾನರ್‌ಗೆ ಪೈಪ್ ಸಿಕ್ಕಿಸಿ ಎಳೆಯುವವರೇ ಮುಂದಿನ ಸ್ಟಡ್ಡನ್ನೂ ಮುರಿಯುತ್ತಾರೆ. ಏನು ಮಾಡಿದರೂ ಬಿಡದಿದ್ದರೆ ನಟ್‌ನ ಒಂದು ಪಕ್ಕ ಉಜ್ಜಿ ತೆಳುವಾಗಿಸಿ, ಉಳಿಯಿಂದ ಸೀಳಿ. ನಟ್ ಹೋದರೆ ಹತ್ತಿಪ್ಪತ್ತು ರೂಪಾಯಿಯ ಮಾತು.

ಮ್ಯಾನಿಫೋಲ್ಡ್ ಕೈಗೆ ಬಂದ ಮೇಲೆ ಮುರಿದ ಸ್ಟಡ್ ಎರಡು-ಮೂರು ಎಂಎಂ ಹೊರಗಿದ್ದರೂ ಸಾಕು, ಅದಕ್ಕೊಂದು ನಟ್ ಬೆಸೆಯಬಹುದು. ಬ್ಯಾಟರಿಯ ಎರಡೂ ವೈರ್ ಕಳಚಿ, ಪೆಟ್ರೋಲ್ ಪೈಪ್ ದೂರ ಸರಿಸಿ, ಮೊದಲು ಒಂದು ವಾಷರ್, ಅದರ ಮೇಲೆ ನಟ್ ಇಟ್ಟು ಒಳಗಿನಿಂದ ಬೆಸುಗೆ ತುಂಬಿಸಿ. ಉಕ್ಕಿನ ಬೆಸುಗೆ ಅಲ್ಯುಮಿನಿಯಂ ಹೆಡ್‌ಗೆ ಅಂಟುವುದಿಲ್ಲ, ಹೆದರಬೇಡಿ. ಅಸಲಿಗೆ ಬೆಸುಗೆಗಿಂತ ಅದರ ಶಾಖದ್ದೇ ದೊಡ್ಡ ಕೆಲಸ: ಸ್ಟಡ್ ಕಾದು ಹಿಗ್ಗಿ, ತಣಿದು ಕುಗ್ಗುವಾಗ ತುಕ್ಕಿನ ಹಿಡಿತ ಬಿರುಕು ಬಿಡುತ್ತದೆ. ಕೆಂಪು ಆರಿದ ಮೇಲೆ ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ ಆಡಿಸುತ್ತಾ ಬಿಚ್ಚಿ. ನಟ್ ಕಿತ್ತು ಬಂದರೆ ಮತ್ತೆ ಬೆಸೆಯಿರಿ. ಎರಡನೇ ಮೂರನೇ ಸಲಕ್ಕೆ ಬಿಡುವುದು ಸಾಮಾನ್ಯ.

ಹೊಸ ಸ್ಟಡ್‌ಗೆ ತಾಮ್ರದ ಆಂಟಿ-ಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್) ಹಚ್ಚಿ. ಅದು ಜಾರಿಸುವುದರಿಂದ ಒಣ ಥ್ರೆಡ್‌ಗೆ ಹೇಳಿದ ಟಾರ್ಕ್‌ಗಿಂತ (ತಿರುಗಿಸುವ ಬಲಕ್ಕಿಂತ) ಕಡಿಮೆ ಬಿಗಿ ಸಾಕು.

ಪ್ರಶ್ನೆ: ಡಬ್ಲ್ಯೂಡಿ-40 ಹಾಕಿದರೆ ಸಾಲದೇ? ಎಟಿಎಫ್‌ಗೆ (ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್) ಅಸಿಟೋನ್ ಬೆರೆಸಿ ಹಾಕಿ ಅನ್ನುತ್ತಾರಲ್ಲ?
– ಓದುಗರು, ಯಲಹಂಕ

ಉತ್ತರ: ಮಾಮೂಲಿ ಡಬ್ಲ್ಯೂಡಿ-40 ತೇವ ಓಡಿಸಲು ಚೆನ್ನ, ವರ್ಷಗಟ್ಟಲೆ ಕೂತ ತುಕ್ಕಿಗೆ ಸಪ್ಪೆ. ಸಮಪಾಲು ಎಟಿಎಫ್, ಅಸಿಟೋನ್ ಒಳ್ಳೆಯ ಮಿಶ್ರಣವೇ. ಎರಡೂ ಬೇರೆಯಾಗುವುದರಿಂದ ಪ್ರತಿ ಸಲ ಕುಲುಕಬೇಕು. ಪೇಂಟ್ ಮೇಲೆ ಚೆಲ್ಲಿದರೆ ಪೇಂಟ್ ಹೋಯಿತು. ಅದು ಹಾಕಿದ ಜಾಗಕ್ಕೆ ಬೆಂಕಿ, ಬೆಸುಗೆ ತರಲೇಬೇಡಿ: ಅಸಿಟೋನ್ ಆವಿ ಭಗ್ಗನೆ ಹತ್ತಿಕೊಳ್ಳುತ್ತದೆ.

ಪ್ರಶ್ನೆ: ಪ್ರೀಮಿಯರ್ ಪದ್ಮಿನಿ. ಹೆಡ್‌ನ ಮಟ್ಟಕ್ಕೇ ಮುರಿದ 8 ಎಂಎಂ ಸ್ಟಡ್‌ಗೆ ತೂತು ಹಾಕಿ ಈಜಿ-ಔಟ್ (ಮುರಿದ ಸ್ಟಡ್ ಬಿಚ್ಚುವ, ಎಡ ತಿರುವಿನ ಬೆಣೆಯಾಕಾರದ ಕಡ್ಡಿ) ತಿರುಗಿಸಿದೆವು. ಈಗ ಅದೂ ಒಳಗೇ ಮುರಿದಿದೆ. ಡ್ರಿಲ್ ಹತ್ತುತ್ತಿಲ್ಲ.
– ಓದುಗರು, ಬಸವನಗುಡಿ

ಉತ್ತರ: ಹತ್ತುವುದೂ ಇಲ್ಲ. ಈಜಿ-ಔಟ್ ಗಟ್ಟಿ, ಆದರೆ ಗಾಜಿನಂತೆ ಪೆಡಸು. ದಪ್ಪ ಸ್ಟಡ್ಡನ್ನೇ ಮುರಿದ ಹಿಡಿತವನ್ನು ಅದಕ್ಕಿಂತ ತೆಳುವಾದ ಕಡ್ಡಿ ಬಿಡಿಸಬೇಕೆಂದರೆ ಹೇಗೆ? ಮೇಲಾಗಿ ಅದರ ಬೆಣೆಯಾಕಾರ ಸ್ಟಡ್ಡನ್ನು ಹಿಗ್ಗಿಸಿ ಇನ್ನಷ್ಟು ಬಿಗಿಯಾಗಿಸುತ್ತದೆ. ಇನ್ನು ಡ್ರಿಲ್ ಒತ್ತಬೇಡಿ. ಬಿಟ್ ಪಕ್ಕದ ಮೆತ್ತನೆಯ ಅಲ್ಯುಮಿನಿಯಂಗೆ ಜಾರಿ ತೂತು ವಾಲುತ್ತದೆ, ಗ್ರಹಚಾರ ಕೆಟ್ಟರೆ ಹೆಡ್ ಒಳಗೆ ತಂಪಿನ ನೀರು ಹರಿಯುವ ಜಾಕೆಟ್‌ಗೂ ಇಳಿಯುತ್ತದೆ. ಹೆಡ್ ಇಳಿಸಿ, ಪೀಣ್ಯದಲ್ಲಿ ಸ್ಪಾರ್ಕ್ ಎರೋಷನ್ ಮಾಡುವವರ ಬಳಿ ಒಯ್ಯಿರಿ. ವಿದ್ಯುತ್ ಕಿಡಿ ಎಂಥ ಗಟ್ಟಿ ಉಕ್ಕನ್ನೂ ಸುಟ್ಟು ತೆಗೆಯುತ್ತದೆ, ಥ್ರೆಡ್ ಉಳಿಯುವ ಸಾಧ್ಯತೆಯೂ ಹೆಚ್ಚು. ಥ್ರೆಡ್ ಹಾಳಾಗಿದ್ದರೆ ಅಲ್ಲೇ ಹೆಲಿಕಾಯಿಲ್ (ಹೊಸ ಥ್ರೆಡ್ ಕೊಡುವ ತಂತಿಸುರುಳಿ) ಹಾಕಿಸಿ.

ಮುಂದೆಂದಾದರೂ ಮಟ್ಟಕ್ಕೆ ಮುರಿದರೆ ಈಜಿ-ಔಟ್ ಬದಲು ಎಡ ತಿರುವಿನ ಡ್ರಿಲ್ ಬಿಟ್ ಕೊಳ್ಳಿ. ಎಸ್‌ಜೆಪಿ ರಸ್ತೆಯ ಟೂಲ್ಸ್ ಅಂಗಡಿಗಳಲ್ಲಿ ವಿಚಾರಿಸಿ. ಸರಿಯಾಗಿ ನಡುವಿಗೆ ಸೆಂಟರ್ ಪಂಚ್ ಹೊಡೆದು, 3 ಎಂಎಂನಿಂದ ಶುರು ಮಾಡಿ 5 ಎಂಎಂಗೆ ಹೋಗಿ. ಉಲ್ಟಾ ತಿರುಗುವಾಗಲೇ ಸ್ಟಡ್ ಎಷ್ಟೋ ಸಲ ತಾನಾಗಿ ಬಿಚ್ಚಿಕೊಂಡು ಬರುತ್ತದೆ. ಬರದಿದ್ದರೆ 6.5 ಎಂಎಂವರೆಗೆ ದೊಡ್ಡದು ಮಾಡಿ, ಉಳಿದ ಸಿಪ್ಪೆಯನ್ನು ಸೂಜಿಯಿಂದ ಎಬ್ಬಿಸಿ, 8 × 1.25 (8 ಎಂಎಂ ದಪ್ಪ, 1.25 ಎಂಎಂ ಥ್ರೆಡ್ ಅಂತರ) ಟ್ಯಾಪ್, ಅಂದರೆ ಥ್ರೆಡ್ ಕೊರೆಯುವ ಟೂಲ್, ಓಡಿಸಿ ಥ್ರೆಡ್ ಚೊಕ್ಕ ಮಾಡಿ.